ಅಣ್ಣ ಎಷ್ಟು ಉಣ್ಣುತ್ತಾನೆ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ದೊಡ್ಡಬಳ್ಳಾಪುರದ ಸುತ್ತಮುತ್ತ ದನದ ದಲ್ಲಾಳಿಯಾಗಿದ್ದೆ. ಮಾರುವ ಎತ್ತಿನ ಕುಂದನ್ನು ಬಾಯಿಬಿಟ್ಟು ಹೇಳಬಾರದೆಂಬುದು ನಾನು ಮೊದಲು ಕಲಿತ ಪಾಠ.

ಅಣ್ಣ ರಕ್ತ ಕೆಮ್ಮತೊಡಗಿದಾಗ ಊರ ಪಂಡಿತರು ಕ್ಷಯ ಎಂದರು. ನಂಬದೆ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು, ಇದು ಶ್ವಾಸಕೋಶದ ಕ್ಯಾನ್ಸರ್, ಪಕ್ಕೆಲುಬಿಗೂ ಇಳಿದಿದೆ ಎಂದರು. ನನಗೆ ಆ ಹಾಳೆಯ ಮೇಲೂ ಗುಮಾನಿ. ಮೂಲೆಯಲ್ಲಿದ್ದ ಅಣ್ಣನ ಹೆಸರನ್ನು ಎರಡು ಸಲ ಓದಿಸಿದೆ.

ಅವರು ಹಾಳೆ ಬದಿಗಿಟ್ಟು ಬೇರೆಯೇ ಮಾತು ತೆಗೆದರು. “ಊಟ ಹೇಗೆ ಮಾಡ್ತಾರೆ? ಮೈ ಇಳಿದಿದೆಯಾ? ಹಗಲಲ್ಲಿ ಎಷ್ಟು ಹೊತ್ತು ಮಲಗಿರ್ತಾರೆ?”

ನನ್ನ ಕಿವಿ ನಿಮಿರಿತು. ಎತ್ತು ಕೊಳ್ಳುವವನೂ ಇದನ್ನೇ ಕೇಳುತ್ತಾನೆ, ಬೆಲೆ ಇಳಿಸುವುದಕ್ಕೆ. ಕುಂದು ತೋರಿಸಿದರೆ ಇವರು ಕೈಬಿಡುತ್ತಾರೆ ಅಂದುಕೊಂಡೆ.

“ಎರಡು ಮುದ್ದೆ ಹೊಡೀತಾನೆ ಸ್ವಾಮಿ. ಮೊನ್ನೆ ಹೊಲ ಉತ್ತು ಬಂದ.”

ಡಾಕ್ಟರು ಕಾಗದ ಎಳೆದುಕೊಂಡರು. “ಅಷ್ಟು ಗಟ್ಟಿಯಾಗಿದ್ರೆ ಮದ್ರಾಸಿಗೆ ಬರೆದುಕೊಡ್ತೀನಿ. ಕಿರಣ ಹಾಯಿಸಿ ಗಡ್ಡೆ ಕುಗ್ಗಿಸಿ ನೋಡ್ತಾರೆ. ಕೆಲವು ತಿಂಗಳು ಹೆಚ್ಚು ಸಿಗಬಹುದು. ಸೊರಗಿದವರು ಮಾತ್ರ ಅದನ್ನ ತಡೆಯಲ್ಲ, ಬೇಗ ಹೋಗ್ಬಿಡ್ತಾರೆ.”

ನನಗೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿರಲಿಲ್ಲ. ಇದೂ ಬಾಯಿಬಿಡಿಸುವ ಹೂಟವಿರಬಹುದೆಂಬ ಅನುಮಾನ ಬೇರೆ.

ಅಣ್ಣ ಕೆಮ್ಮು ತಡೆದುಕೊಂಡು ಅಂದ, “ಲೇ, ನನ್ನೇನು ಸಂತೇಲಿ ಮಾರಕ್ ತಂದಿದ್ದೀಯೇನ್ಲಾ?” ಆಮೇಲೆ ಡಾಕ್ಟರ ಕಡೆ ತಿರುಗಿದ. “ಗಂಜಿನೂ ಇಳಿಯಲ್ಲ ಬುದ್ಧಿ. ಹೊಲ ನೋಡಿ ಎರಡು ತಿಂಗಳಾಯ್ತು. ಬಸ್ಸಿಗೆ ಇವನೇ ಎತ್ತಿ ಕೂರಿಸ್ದ.”

ಡಾಕ್ಟರು ನನ್ನ ಮುಖ ನೋಡಿ, ಅರ್ಧ ಬರೆದ ಕಾಗದ ಹರಿದರು. ನೋವಿಗೆ ಔಷಧಿ ಕೊಟ್ಟು, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಡಾಕ್ಟರ ಎದುರು ಕೂರುವವರಿಗೆ ನನ್ನದೊಂದು ಮಾತು: ರೋಗಿ ಉಂಡದ್ದನ್ನು ಉಂಡಷ್ಟೇ ಹೇಳಿ. ಎಷ್ಟು ದಿನ ಉಳಿದಿದೆ ಎಂಬುದನ್ನು ಅವರು ಗಡ್ಡೆ ನೋಡಿ ಅರ್ಧ ತಿಳಿಯುತ್ತಾರೆ, ಮಿಕ್ಕ ಅರ್ಧ ನಿಮ್ಮ ಬಾಯಿಂದಲೇ ತಿಳಿಯಬೇಕು.

ಮನೆಯಲ್ಲಿ ಅತ್ತಿಗೆ ದಿನವೂ “ಇವತ್ತು ಚೆನ್ನಾಗುಂಡ್ರು” ಅನ್ನುತ್ತಿದ್ದರು. ನಾನು ಹೋಗಿ ಗಂಜಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದೆ. ಅಣ್ಣ ರಾಗಿ ಕೊಯ್ಲಿನವರೆಗೆ ಇದ್ದ. ಮದ್ರಾಸಿಗೆ ಹೋಗಿದ್ದರೆ ಒಕ್ಕಣೆಯನ್ನೂ ನೋಡುತ್ತಿದ್ದನೋ, ದಾರಿಯಲ್ಲೇ ಹೋಗುತ್ತಿದ್ದನೋ, ಆ ಗುಮಾನಿ ಇನ್ನೂ ನನ್ನನ್ನು ಬಿಟ್ಟಿಲ್ಲ.