ಹಿಕ್ಕೆ ಡಾಕ್ಟ್ರು ಎತ್ತಿಟ್ಟ ಅರ್ಧ

ಫ್ಯಾನ್ಸಿ ಸ್ಟೋರಿನವನಿಗೆ ಒಂದು ಒಗಟು ಬಹಳ ದಿನ ಬಿಡಿಸಲಾಗಲಿಲ್ಲ. ತಿಂಗಳಿಗೆ ಆರು ಬಾಟಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಒಯ್ಯುವ ಹೆಂಗಸಿನ ಉಗುರು ನೋಡಿದರೆ ಬರೀ ಬೋಳು, ಸಂದಿಯಲ್ಲಿ ಮಣ್ಣು ಬೇರೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. "ಕೂದಲಿಗೆ" ಎಂದಳು ಅವಳು. ಅವನು ಬಾಟಲಿಗಳನ್ನು ಕಟ್ಟಿಕೊಟ್ಟು ಚಿಲ್ಲರೆ ಎಣಿಸತೊಡಗಿದ.

ಅವಳು ಸುಳ್ಳೇನೂ ಹೇಳಿರಲಿಲ್ಲ. ಕಾಡುಪ್ರಾಣಿಯ ಕೂದಲನ್ನು ಗಾಜಿನ ಪಟ್ಟಿಯ ಮೇಲಿನ ಹಸಿ ಪಾಲಿಶ್‌ಗೆ ಒತ್ತಿ, ಒಣಗಿದ ಮೇಲೆ ಕಿತ್ತರೆ ಅಚ್ಚು ಉಳಿಯುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೂದಲ ಮೈಮೇಲಿನ ಹುರುಪೆಗಳ ಸಾಲು ಕಾಣುತ್ತದೆ, ಒಂದೊಂದು ಪ್ರಾಣಿಗೆ ಒಂದೊಂದು ವರಸೆ. ಕೂದಲು ಸಿಗುವುದು ಹಿಕ್ಕೆಯಲ್ಲಿ. ಆದ್ದರಿಂದಲೇ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಿಕ್ಕೆ ಡಾಕ್ಟ್ರು ಅಂತ. ಇಪ್ಪತ್ತೆರಡನೇ ವಯಸ್ಸಿಗೆ ಅಲ್ಲಿ ಸ್ಯಾಂಪಲ್ ತೊಳೆಯುವ ತಾತ್ಕಾಲಿಕ ಕೆಲಸಕ್ಕೆ ಸೇರಿದವಳು, ತೊಳೆಯುತ್ತಲೇ ಎಂಎಸ್ಸಿ ಕಟ್ಟಿ, ಮೂವತ್ತೊಂಬತ್ತಕ್ಕೆ ಡಾಕ್ಟರೇಟ್ ತಗೊಂಡಳು. ಆಮೇಲೂ ತೊಳೆಯುವುದನ್ನು ಬಿಡಲಿಲ್ಲ.

ಇದೇ ಅವಳ ಅಮ್ಮನ ಕೊರಗು. ಅಮ್ಮ ದರ್ಜಿ. "ಬೇರೆಯವರ ಮಕ್ಕಳು ಡಾಕ್ಟ್ರಾದ್ರೆ ಬಿಳಿ ಕೋಟು ಹಾಕ್ಕೊಂಡು ಓಡಾಡ್ತಾರೆ. ನಮ್ಮವಳು ಡಾಕ್ಟ್ರಾಗಿ ಹಿಕ್ಕೆ ಹೊತ್ಕೊಂಡು ಓಡಾಡ್ತಾಳೆ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುವಳು. ಮಗಳು ಕೆಲಸದ ಮಾತು ಎತ್ತಿದರೆ ಸಾಕು, ಹೊಲಿಗೆ ಯಂತ್ರದ ಸದ್ದು ಜೋರಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ ಯಂತ್ರ ನಿಲ್ಲಿಸಿ ಕೇಳಿದವಳಲ್ಲ.

ಆದರೆ ಮಗಳಿಗೆ ಒಂದು ಅಭ್ಯಾಸ ಬಂದದ್ದು ಆ ಅಮ್ಮನಿಂದಲೇ. ಯಾವ ಬಟ್ಟೆ ಬರಲಿ, ಅಮ್ಮ ಅಂಚಿನಲ್ಲಿ ಎರಡು ಬೆರಳಿನಷ್ಟು ಕತ್ತರಿಸಿ, ಚೀಟಿಗೆ ಪಿನ್ ಮಾಡಿ ಬಿಸ್ಕತ್ತಿನ ಡಬ್ಬಿಗೆ ಹಾಕುವಳು. ಸಾಕ್ಷಿ ತುಂಡು ಅಂತ ಅದಕ್ಕೆ ಹೆಸರು. "ನಾಳೆ ಯಾರಾದ್ರೂ ಬಂದು ಇದು ನನ್ನ ಬಟ್ಟೆನೇ ಅಲ್ಲ ಅಂದ್ರೆ?" ಆ ಡಬ್ಬಿಗಳ ನಡುವೆ ಬೆಳೆದ ಮಗಳು ಪ್ರತಿ ಹಿಕ್ಕೆಯನ್ನೂ ಸಿಕ್ಕ ಜಾಗದಲ್ಲೇ ಹೊಸ ಬ್ಲೇಡಿನಿಂದ ಎರಡು ಮಾಡುತ್ತಿದ್ದಳು. ಅರ್ಧ ತೊಳೆಯುವುದಕ್ಕೆ, ಅರ್ಧ ಕಾಗದದ ಕವರಿನಲ್ಲಿ ಹಾಗೇ ಕಪಾಟಿಗೆ. ಕಪಾಟು ತುಂಬಿ ತುಳುಕಿ, ಸಹೋದ್ಯೋಗಿಗಳು ನಕ್ಕು ಸುಸ್ತಾಗಿದ್ದರು.

ಈಗ ವಿಷಯಕ್ಕೆ ಬರೋಣ. ಊರಂಚಿನ ಹಳ್ಳದ ಕಾಡನ್ನು ಕಡಿದು ಗೋದಾಮು ಕಟ್ಟುವ ಯೋಜನೆಯೊಂದು ಬಂದಿತ್ತು. ಅಲ್ಲಿ ನೀರುನಾಯಿ ಇದೆ ಅಂತ ರುಜುವಾತಾದರೆ ಕಾಡು ಉಳಿಯುತ್ತದೆ, ಇಲ್ಲದಿದ್ದರೆ ಕೊಡಲಿ. ಹನ್ನೊಂದು ವರ್ಷದ ಹಿಂದೆ ಅದೇ ಹಳ್ಳದಲ್ಲಿ ಅವಳು ಮೂರು ನೀರುನಾಯಿಗಳನ್ನು ಕಣ್ಣಾರೆ ನೋಡಿದ್ದಳು. ಆಮೇಲೆ ಯಾರಿಗೂ ಕಂಡಿಲ್ಲ. ದಡದಲ್ಲಿಟ್ಟ ನಾಲ್ಕು ಕ್ಯಾಮೆರಾಗಳಲ್ಲಿ ಆರು ತಿಂಗಳಿಗೆ ಸಿಕ್ಕಿದ್ದು ಬೀದಿನಾಯಿ, ಮುಂಗುಸಿ, ಮತ್ತೆ ಮೈ ಉಜ್ಜುತ್ತ ನಿಂತ ಒಬ್ಬ ಮಹಾಶಯ. ತೀರ್ಮಾನ ಮಾಡುವ ಸಮಿತಿಯ ಸಭೆ ಸಂಶೋಧನಾ ಕೇಂದ್ರದಲ್ಲೇ, ಮಧ್ಯಾಹ್ನ ಮೂರಕ್ಕೆ ಎಂದು ನಿಗದಿಯಾಗಿತ್ತು.

ಸಭೆಗೆ ನಾಲ್ಕು ದಿನ ಮುಂಚೆ ಹಳ್ಳದ ಬಂಡೆಯ ಮೇಲೆ ಅವಳಿಗೆ ಒಂದು ಹಸಿ ಹಿಕ್ಕೆ ಸಿಕ್ಕಿತ್ತು, ತುಂಬ ಮೀನಿನ ಹುರುಪೆ. ಮೀನು ತಿನ್ನುವ ಪ್ರಾಣಿಗಳು ಬೇರೆಯೂ ಇವೆ, ಅಷ್ಟರಿಂದ ಏನೂ ಹೇಳಲಾಗದು. ಆದರೆ ನೀರುನಾಯಿ ಮೈ ನೆಕ್ಕಿಕೊಳ್ಳುವಾಗ ತನ್ನ ಕೂದಲನ್ನೇ ನುಂಗುತ್ತದೆ, ಆ ಕೂದಲು ಹಿಕ್ಕೆಯಲ್ಲಿ ಹೊರಬರುತ್ತದೆ. ಸಭೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಂಥ ಒಂದು ಕೂದಲು ಸಿಕ್ಕಿಯೇಬಿಟ್ಟಿತು. ಅವಳು ಎದ್ದ ರಭಸಕ್ಕೆ ಕುರ್ಚಿ ಮಗುಚಿಬಿತ್ತು. ಕಾಲು ನೆಲದ ಮೇಲೆ ನಿಲ್ಲದೆ ಕಾರಿಡಾರಿನಲ್ಲಿ ಎರಡು ಸುತ್ತು ಹೊಡೆದಳು. ನಲವತ್ತೆರಡು ವರ್ಷದ ಹೆಂಗಸು ಸ್ವಾಮಿ, ಶಾಲೆ ಬಿಟ್ಟ ಮಕ್ಕಳ ಹಾಗೆ.

ಹನ್ನೆರಡು ಗಂಟೆಗೆ ಸಿಂಕಿನಲ್ಲಿದ್ದ ಜರಡಿ ಎತ್ತಿಕೊಂಡಾಗ ಅವಳ ಕಣ್ಣು ಹಿಡಿಯ ಮೇಲೆ ಬಿತ್ತು. ಹಿಡಿಗೆ ಕೆಂಪು ದಾರ ಕಟ್ಟಿತ್ತು. ಕೆಂಪು ದಾರದ ಜರಡಿ ಮೃಗಾಲಯದ ಸ್ಯಾಂಪಲ್ಲಿಗೆ ಮಾತ್ರ. ಹೋದ ವಾರ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಮೃಗಾಲಯದ ನೀರುನಾಯಿಯ ಹಿಕ್ಕೆಯನ್ನು ಅದರಲ್ಲೇ ತೊಳೆದಿದ್ದಳು. ಬೆಳಿಗ್ಗೆ ಅವಸರದಲ್ಲಿ ಕೈಗೆ ಸಿಕ್ಕಿದ್ದೇ ಅದು. ಎಷ್ಟು ತೊಳೆದರೂ ಜಾಲರಿಯಲ್ಲಿ ಒಂದು ಕೂದಲು ಅಂಟಿಕೊಂಡಿರಬಹುದು. ಹಳ್ಳದ್ದೋ ಮೃಗಾಲಯದ್ದೋ, ಈಗ ದೇವರೇ ಬಲ್ಲ. ಇಪ್ಪತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟ ನಿಯಮವನ್ನು ಬೇಕಾದ ದಿನವೇ ಮುರಿದಿದ್ದಳು.

ಕೇಂದ್ರದ ನಿರ್ದೇಶಕರಿಗೆ ಹೋಗಿ ಹೇಳಿದಳು. ಅವರು ಬಾಗಿಲು ಮುಂದೆ ಮಾಡಿದರು.

"ಯಾರಮ್ಮ ಕೇಳಿದ್ದು ನಿನ್ನ? ಜರಡಿ ವಿಷಯ ಗೊತ್ತಿರೋದು ನಿನಗೆ, ನನಗೆ ಮಾತ್ರ. ಕಾಡು ಉಳಿಯುತ್ತೆ, ಸುಮ್ನಿರು."

"ಸುಮ್ನಿದ್ರೆ ಕಾಡು ಉಳಿಯುತ್ತೆ ಸರ್. ನಾಳೆ ಇನ್ನೊಂದು ಕಾಡಿಗೆ ಸಾಕ್ಷಿ ಹೇಳೋಕೆ ನನಗೆ ಯಾವ ಮುಖ ಇರುತ್ತೆ?"

ಮೂರು ಗಂಟೆಗೆ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ನಿರ್ದೇಶಕರು ಹಣೆ ಹಿಡಿದುಕೊಂಡರು. ಸಮಿತಿಯ ಅಧ್ಯಕ್ಷರು ನಿವೃತ್ತ ಎಂಜಿನಿಯರ್, ಮಾತು ಸುತ್ತಿ ಬಳಸುವವರಲ್ಲ.

"ಅಂದ್ರೆ ನಿಮ್ಮ ಹತ್ರ ಪುರಾವೆ ಇಲ್ಲ."

"ಗೊತ್ತಿಲ್ಲ ಸರ್. ಆ ಹಿಕ್ಕೆದು ಅರ್ಧ ಎತ್ತಿಟ್ಟಿದ್ದೀನಿ, ಅದಕ್ಕೆ ಯಾವ ಜರಡಿನೂ ತಾಗಿಲ್ಲ. ಒಬ್ಬಳೇ ತೊಳೆದ್ರೆ ಯಾರೂ ನಂಬಲ್ಲ ಅಂತ ಹಾಗೇ ಬಿಟ್ಟಿದ್ದೀನಿ. ಒಂದು ಗಂಟೆ ಕೊಡಿ, ನಿಮ್ಮೆದುರಿಗೇ ತೊಳೀತೀನಿ. ಸಿಗದಿದ್ರೆ ಇಲ್ಲ ಅಂತ ನಾನೇ ಬರ್ಕೊಡ್ತೀನಿ."

ಒಪ್ಪಿದರು. ಆದರೆ ಪ್ರಯೋಗಾಲಯದ ಜರಡಿಗಳ ಮೇಲೆ ಈಗ ಅವಳಿಗೇ ನಂಬಿಕೆ ಇಲ್ಲ. ಕ್ಯಾಂಟೀನಿಗೆ ಓಡಿದಳು. ಟೀ ಮಾಡುವವನ ಹತ್ತಿರ ಪ್ಲಾಸ್ಟಿಕ್ ಕವರು ಬಿಚ್ಚದ ಹೊಸ ಸೋಸಣಿಗೆಯೊಂದಿತ್ತು.

"ತಗೊಳ್ಳಿ ಮೇಡಂ. ವಾಪಸ್ ಮಾತ್ರ ಕೊಡ್ಬೇಡಿ" ಎಂದ ಅವನು.

ಸಮಿತಿಯವರು ಮೂಗಿಗೆ ಕರ್ಚೀಫು ಹಿಡಿದು ಸುತ್ತ ನಿಂತರು. ಅವಳು ನೀರು ಬಿಟ್ಟಳು. ಮೀನಿನ ಹುರುಪೆ ಹೊಳೆಯಿತು, ಏಡಿಯ ಚಿಪ್ಪಿನ ಚೂರು ಬಂತು. ಸಿಕ್ಕ ಎಳೆಗಳನ್ನು ಒಂದೊಂದಾಗಿ ಪಾಲಿಶ್‌ಗೆ ಒತ್ತಿ ಮೈಕ್ರೋಸ್ಕೋಪಿನಡಿ ಇಟ್ಟಳು. ಮೊದಲನೇ ಗಾಜಿನ ಪಟ್ಟಿಯಲ್ಲಿ ಹುಲ್ಲಿನ ನಾರು. ಎರಡನೆಯದರಲ್ಲಿ ಮೀನಿನ ಮುಳ್ಳು. ಮೂರನೆಯದರಲ್ಲಿ ನೈಲಾನ್ ಎಳೆ, ಯಾರದೋ ಬಲೆಯದು. ಸೋಸಣಿಗೆಯ ತಳದಲ್ಲಿ ಕೊನೆಯ ಚಿಟಿಕೆಯಷ್ಟು ಉಳಿದಿತ್ತು. "ಇದೂ ನೋಡಿ, ಇದೂ ನೋಡಿ" ಎಂದು ಪಿಸುಗುಟ್ಟಿದವರು ಅಧ್ಯಕ್ಷರೇ. ಅವರು ಕರ್ಚೀಫನ್ನು ಯಾವಾಗ ಜೇಬಿಗೆ ಹಾಕಿಕೊಂಡಿದ್ದರೋ ಯಾರೂ ಗಮನಿಸಿರಲಿಲ್ಲ.

ನಾಲ್ಕನೇ ಪಟ್ಟಿಯನ್ನು ನೋಡಿದವಳೇ ಎದ್ದು ಕುರ್ಚಿಯನ್ನು ಅಧ್ಯಕ್ಷರಿಗೆ ಬಿಟ್ಟುಕೊಟ್ಟಳು, ಪಕ್ಕದಲ್ಲಿ ಮೃಗಾಲಯದ ನೀರುನಾಯಿಯ ಹಳೆಯ ಪಟ್ಟಿಯನ್ನೂ ಇಟ್ಟಳು. ಅವರು ಇದನ್ನು ನೋಡಿದರು, ಅದನ್ನು ನೋಡಿದರು, ತಿರುಗಿ ಇದನ್ನು ನೋಡಿದರು. ಉದ್ದುದ್ದ ಹುರುಪೆ, ಎಲೆಯ ಮೇಲೆ ಎಲೆ ಜೋಡಿಸಿಟ್ಟ ಹಾಗೆ, ಎರಡರಲ್ಲೂ.

"ಎರಡೂ ಒಂದೇ" ಎಂದರು ಅಧ್ಯಕ್ಷರು. ಆಮೇಲೆ ದನಿ ತಗ್ಗಿಸಿ, "ಅದು ಇನ್ನೂ ಅಲ್ಲೇ ಇದೆಯೇನಮ್ಮ?"

"ನಾಲ್ಕು ದಿನದ ಹಿಂದೆ ಇತ್ತು ಸರ್. ಹೊಟ್ಟೆ ತುಂಬ ಮೀನು ತಿಂದಿತ್ತು."

ಅವರು ಅಲ್ಲೇ, ಆ ಒದ್ದೆ ಮೇಜಿನ ಮೂಲೆಯಲ್ಲೇ ಕಡತ ಬಿಚ್ಚಿ, ಹಳ್ಳದ ಕಾಡನ್ನು ಮುಟ್ಟತಕ್ಕದ್ದಲ್ಲ ಎಂದು ಬರೆದು ಸಹಿ ಹಾಕಿದರು.

ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಹಚ್ಚಿದಳು. ಆ ಕಡೆ ಯಂತ್ರ ಎಂದಿನಂತೆ ಓಡುತ್ತಿತ್ತು.

"ಅಮ್ಮ, ನಿನ್ನ ಸಾಕ್ಷಿ ತುಂಡು ಇವತ್ತು ಒಂದು ಕಾಡು ಉಳಿಸ್ತು" ಎಂದು ಶುರುಮಾಡಿ, ಜರಡಿ, ದಾರ, ಸೋಸಣಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಆ ಕಡೆ ಯಂತ್ರದ ಸದ್ದೇ ಇಲ್ಲ. ಯಾವಾಗ ನಿಂತಿತ್ತೋ.

"ನಾಳೆ ಅಂಗಡಿ ಮುಚ್ತೀನಿ" ಎಂದಳು ಅಮ್ಮ. "ಆ ನೀರುನಾಯಿನ ನನಗೂ ತೋರ್ಸು."

"ಅದು ಯಾರಿಗೂ ಕಾಣಲ್ಲಮ್ಮ. ನಾನೇ ಹನ್ನೊಂದು ವರ್ಷದಿಂದ ನೋಡಿಲ್ಲ."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು.

"ಹಾಗಾದ್ರೆ ಅದರ ಹಿಕ್ಕೆನಾದ್ರೂ ತೋರ್ಸೇ."