ಮಹಬೂಬ ಚಾಚಾ ಹಾಕಿದ ಟವೆಲ್

ಆಳಂದದ ಬಸ್ ನಿಲ್ದಾಣದಲ್ಲಿ ಸಂಜೆಯ ಬಸ್ಸು ತಿರುಗಿ ನಿಲ್ಲುವ ಮೊದಲೇ ಅದರ ಮಗ್ಗುಲಲ್ಲಿ ಓಡುವ ಬಿಳಿ ಗಡ್ಡದ ಒಬ್ಬರನ್ನು ನೀವು ಕಂಡಿದ್ದರೆ, ಅವರೇ ನಮ್ಮ ಮಹಬೂಬ ಚಾಚಾ. ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಎಸೆದರೆ ಮುಗಿಯಿತು, ಆ ಸೀಟು ನಮ್ಮದು. ನಮ್ಮ ಕಡೆ ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂತರೆ ಜಗಳ ಗ್ಯಾರಂಟಿ. ಬೇಳೆ ಮಿಲ್ಲಿನ ಆಫೀಸಿನಲ್ಲಿ ಚಾಚಾ ಹಿರಿಯ ಗುಮಾಸ್ತರು, ನಾನು ಅವರ ಕೈಕೆಳಗಿನವಳು. ಇಬ್ಬರೂ ಸರಸಂಬಾ ಹಳ್ಳಿಯಿಂದ ದಿನಾ ಓಡಾಡುವವರು. ಆ ನೂಕುನುಗ್ಗಲಿನಲ್ಲಿಯೂ ನಾನು ನಿಂತು ಪ್ರಯಾಣ ಮಾಡಿದ್ದು ಅಪರೂಪ.

ಒಮ್ಮೆ ಚಾಚಾ ಮಾತಿನ ಭರದಲ್ಲಿ ಬೋರ್ಡು ನೋಡದೆ ಅಕ್ಕಲಕೋಟೆ ಬಸ್ಸಿಗೆ ಟವೆಲ್ ಎಸೆದುಬಿಟ್ಟರು. ಹತ್ತಲು ಹೋದಾಗ ತಪ್ಪು ತಿಳಿಯಿತು. ಅಷ್ಟರಲ್ಲಿ ಬಸ್ಸು ಟವೆಲ್ ಸಮೇತ ಮಹಾರಾಷ್ಟ್ರದ ದಾರಿ ಹಿಡಿದಿತ್ತು. ಮರುದಿನ ಕಂಡಕ್ಟರ್ ಅದನ್ನು ತಂದುಕೊಟ್ಟಾಗ ಚಾಚಾ ಝಾಡಿಸಿ ಹೆಗಲಿಗೆ ಹಾಕಿಕೊಂಡು, "ನಾ ನೋಡಲಾರದ ಊರು ಇದು ನೋಡಿ ಬಂತು" ಅಂದರು. ಮಿಲ್ಲಿನ ಹೆಣ್ಣುಮಕ್ಕಳು ವಾರಗಟ್ಟಲೆ ಆ ಟವೆಲ್ಲಿನ ಕ್ಷೇಮ ವಿಚಾರಿಸುತ್ತಿದ್ದರು. ಚಾಚಾ ಎಲ್ಲರಿಗೂ ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ಆಮೇಲೆ ಒಂದು ಸುದ್ದಿ ಹಬ್ಬಿತು. ಮಿಲ್ಲು ಕಲಬುರಗಿಯ ದೊಡ್ಡ ಸಾವ್ಕಾರರ ಕೈಗೆ ಹೋಗುತ್ತದೆ, ಆಫೀಸಿನವರನ್ನು ತೆಗೆಯುತ್ತಾರೆ ಎಂದು. ನನ್ನ ಗಂಡ ತಾವು ಓಡಿಸುವ ಟಂಟಂ ಆಟೊ ಉರುಳಿ ಕಾಲು ಮುರಿದುಕೊಂಡು ಮನೆಯಲ್ಲಿದ್ದರು. ನನ್ನ ಸಂಬಳದಿಂದಲೇ ಒಲೆ ಉರಿಯಬೇಕು. ಆದರೂ ನನಗೆ ಮಾನವೇ ದೊಡ್ಡದಾಗಿ ಕಂಡಿತು. ಅವರು ತೆಗೆದರು ಅನ್ನಿಸಿಕೊಳ್ಳುವುದಕ್ಕಿಂತ ನಾನೇ ಬಿಟ್ಟೆ ಅನ್ನಿಸಿಕೊಳ್ಳುವುದು ಮೇಲು. ಸೋಮವಾರ ರಾಜೀನಾಮೆ ಕೊಡುತ್ತೇನೆ ಎಂದು ಬಸ್ಸಿನಲ್ಲಿ ಚಾಚಾಗೆ ಹೇಳಿದೆ. ಊರು ಹತ್ತಿರವಾದಾಗ ಚಾಚಾ ನನ್ನ ಕಡೆ ತಿರುಗಿದರು.

"ಬೇಟಿ, ಬಸ್ ಇನ್ನಾ ನಿಂತಿಲ್ಲ, ಕಂಡಕ್ಟರ್ ಇಳೀರಿ ಅಂದಿಲ್ಲ. ನೀ ಯಾಕ ನಡುದಾರ್ಯಾಗ ಜಿಗೀತಿ? ಮೊದ್ಲ ಮುಂದಿನ ಬಸ್ಸಿಗಿ ಟವೆಲ್ ಹಾಕು. ಸೀಟು ಸಿಕ್ಕ ಮ್ಯಾಲ ಇಳಿ."

ಮತ್ತೆ ನನ್ನ ಮಾನ? ಎಂದೆ.

"ತೆಗದ್ರ ನಾಚಿ ಮಾರಿ ಕೆಳಗ ಹಾಕೋರು ಅವ್ರು. ನೀ ಯಾಕ ಹಾಕ್ತಿ?"

ಹೇಳುವುದು ಸುಲಭ ಎಂದು ಸಿಟ್ಟು ಬಂದು ಎರಡು ದಿನ ಅವರ ಪಕ್ಕ ಕೂರಲಿಲ್ಲ. ಸೋಮವಾರ ಬಂತು, ರಾಜೀನಾಮೆ ಮಾತ್ರ ಕೊಡಲಿಲ್ಲ. ರಜೆಯ ದಿನ ಜೇವರ್ಗಿಗೆ ಹೋಗಿ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸ ಕೇಳಿದೆ, ಇಲ್ಲ ಅಂದರು. ಮೋರೆ ಸಣ್ಣದು ಮಾಡಿಕೊಂಡು ಬಂದಾಗ ಚಾಚಾ, ಅಫಜಲಪುರದ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವವರು ಬೇಕಂತೆ, ಹೋಗಿ ನೋಡು ಅಂದರು. ಹೋದೆ. ಮುಂದಿನ ತಿಂಗಳಿಂದ ಬಾ ಎಂದರು. ವಾಪಸು ಬರುವಾಗ ಭೀಮಾ ನದಿಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಮುಖ ಒಡ್ಡಿ ಕೂತಿದ್ದೆ. ಎಷ್ಟೋ ದಿನಗಳ ಮೇಲೆ ಹಸಿವೆಯಾಗಿತ್ತು.

ಆ ತಿಂಗಳ ಕೊನೆಗೆ ಸಾವ್ಕಾರರು ಒಬ್ಬೊಬ್ಬರನ್ನೇ ಒಳಗೆ ಕರೆದರು. ತೆಗೆದುಹಾಕಿದವರ ಪಟ್ಟಿಯಲ್ಲಿ ನಾನೂ ಇದ್ದೆ, ಚಾಚಾನೂ ಇದ್ದರು. ಸಾವ್ಕಾರರು ನನ್ನ ಮುಖ ನೋಡದೆ, ಮೇಜಿನ ಗಾಜು ನೋಡುತ್ತಾ ಹೇಳಿದರು. ನಾನು ತಲೆ ಎತ್ತಿಯೇ ನಮಸ್ಕಾರ ಮಾಡಿ ಹೊರಬಂದೆ.

ಈಗ ಅಫಜಲಪುರದಲ್ಲಿ ಮನೆ ಮಾಡಿದ್ದೇವೆ, ಗಂಡನೂ ಮತ್ತೆ ಟಂಟಂ ಓಡಿಸುತ್ತಿದ್ದಾರೆ. ಚಾಚಾ ಹಿರೋಳ್ಳಿಯಲ್ಲಿ ಅಳಿಯನ ಬೀಜದ ಅಂಗಡಿಯಲ್ಲಿ ಕೂರುತ್ತಾರೆ. ಫೋನಿನಲ್ಲಿ ಸಿಗುತ್ತಾರೆ, ಭೇಟಿಯಾಗಿಲ್ಲ.

ಕೊನೆಯ ಸಲ ಎದುರು ನಿಂತು ಮಾತಾಡಿದ್ದು ಮಿಲ್ಲಿನ ಗೇಟಿನಲ್ಲಿ, ನಮ್ಮನ್ನು ತೆಗೆದ ದಿನದ ಸಂಜೆ. ಅವರಿಗೆ ಕೆಲಸವಿಲ್ಲದ್ದು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ನನಗೆ ಬುದ್ಧಿ ಹೇಳಿದವರು ನಿಮಗೊಂದು ಕೆಲಸ ಯಾಕೆ ಹುಡುಕಿಕೊಳ್ಳಲಿಲ್ಲ ಎಂದು ಕೇಳಿಯೇಬಿಟ್ಟೆ. ಚಾಚಾ ಗೇಟು ಎಳೆದು ಮುಚ್ಚುತ್ತಾ ಸಹಜವಾಗಿ ಹೇಳಿದರು:

"ಗೋದಾಮಿನವ್ರು ಮೊದ್ಲ ನನಗೇ ಕರದಿದ್ರು ಬೇಟಿ. ನನಗ ಅಳಿಯ ಇದ್ದಾನ. ನಿನಗ ಯಾರಿದ್ರು?"