ಗೋಡೆಯ ಮೇಲಿನ ಬಂದೂಕು, ಕುಡಿಯದ ಕಾಫಿ

ನನ್ನ ತಂದೆಗೆ ಒಮ್ಮೆ ಒಂದು ಬಂದೂಕು ಪುಕ್ಕಟೆಯಾಗಿ ಸಿಕ್ಕಿತ್ತು. ಅದಕ್ಕಾಗಿ ಅವರು ಅರ್ಜಿ ಬರೆಯಲಿಲ್ಲ, ಯಾರ ಕೈಕಾಲೂ ಹಿಡಿಯಲಿಲ್ಲ. ಆಡಿದ್ದು ಒಂದೇ ಒಂದು ಮಾತು. ಅದೇ ವಾರ ನನ್ನ ಕಾಲೇಜಿಗಾಗಿ ಅವರು ಎಷ್ಟು ಮಾತು ನುಂಗಿಕೊಳ್ಳಬೇಕಾಯಿತೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಅರಬ್ಬರ ನಾಡಿನ ಅಲ್ ಅಹ್ಸಾದಲ್ಲಿದ್ದೆವು. ಅಬ್ಬ ಖರ್ಜೂರದ ತೋಟಗಳಿಗೆ ನೀರೆತ್ತುವ ಪಂಪುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ತೋಟ ನಮಗೆ ವೀಸಾ ಕೊಟ್ಟ ಯಜಮಾನ ಕಫೀಲನದು, ನಾವಿದ್ದ ಎರಡು ಕೋಣೆಯ ಮನೆ ಕಫೀಲನದು, ಅಬ್ಬನ ಪಾಸ್‌ಪೋರ್ಟು ಇದ್ದದ್ದೂ ಕಫೀಲನ ಪೆಟ್ಟಿಗೆಯಲ್ಲೇ. ನಾನು ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ್ದೆ. ಅಂಕಗಳು ಚೆನ್ನಾಗಿಯೇ ಬಂದಿದ್ದವು. ಆದರೆ ಅಲ್ಲಿನ ಕಾಲೇಜುಗಳಲ್ಲಿ ನಮ್ಮಂಥವರ ಮಕ್ಕಳಿಗೆ ಜಾಗವಿರಲಿಲ್ಲ. ಊರಿಗೆ ಹೋಗಿ ಇಂಜಿನಿಯರಿಂಗ್ ಸೇರೋಣವೆಂದರೆ, ರಜೆ ಮುಗಿಸಿ ಬಂದವರೊಬ್ಬರ ಕೈಯಲ್ಲಿ ತರಿಸಿಕೊಂಡ ಕಾಲೇಜಿನ ಪುಸ್ತಿಕೆಯಲ್ಲಿ ನಮ್ಮ ಫೀಸು ಡಾಲರಿನಲ್ಲಿತ್ತು. ನಾವು ಎನ್‌ಆರ್‌ಐಗಳಂತೆ! ಬನಿಯನ್ನಿಗೆ ಗ್ರೀಸು ಮೆತ್ತಿಕೊಂಡು ಮನೆಗೆ ಬರುವ ಅಬ್ಬ ಆ ಕಾಲೇಜಿನವರ ಕಣ್ಣಿಗೆ ಡಾಲರಿನ ಸಾಹುಕಾರ.

ಅಷ್ಟು ದುಡ್ಡು ನಮಗೆ ಸಿಗಬಹುದಾಗಿದ್ದದ್ದು ಒಂದೇ ಕಡೆಯಿಂದ. ಅಬ್ಬನ ಹನ್ನೊಂದು ವರ್ಷದ ಸರ್ವೀಸಿನ ಹಣ ಕಫೀಲನ ಬಳಿ ಇತ್ತು. ಕೆಲಸ ಬಿಡುವಾಗ ಕೊಡಬೇಕಾದ ಅದನ್ನು ಈಗಲೇ ಕೊಡಿ ಎಂದು ಕೇಳಬೇಕಿತ್ತು. ಸೀಟು ಹಿಡಿಯಲು ತಿಂಗಳ ಕೊನೆಯೇ ಗಡುವು. ಅದು ತಪ್ಪಿದರೆ ಓದು ಅಲ್ಲಿಗೇ ಮುಗಿಯಿತು. ಊರಲ್ಲಿ ಉಮ್ಮನ ಕಡೆಯವರು ಆಗಲೇ ನನಗೆ ಗಂಡು ನೋಡಲು ಶುರುಮಾಡಿದ್ದರು.

ಅಬ್ಬ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಫೀಲನ ಮಜ್ಲಿಸಿಗೆ, ಅಂದರೆ ಗಂಡಸರು ಕೂತು ಮಾತಾಡುವ ದೊಡ್ಡ ಕೋಣೆಗೆ, ಹೋದರು. ಹನ್ನೊಂದು ವರ್ಷದಲ್ಲಿ ಅವರು ಅದರ ಹೊಸ್ತಿಲು ದಾಟಿದ್ದು ಅದೇ ಮೊದಲು. ನಮ್ಮೂರ ಕಡೆ ಸಹಾಯ ಕೇಳಲು ಹೋದವರು ಸೀದಾ ವಿಷಯಕ್ಕೆ ಬರುವುದಿಲ್ಲ. ಅಂಗಳ ಚಂದ ಉಂಟು, ದನ ಚಂದ ಉಂಟು ಎಂದು ಎರಡು ಮಾತು ಹೊಗಳುತ್ತಾರೆ. ಅಬ್ಬನೂ ಹೊಗಳಲು ಏನಾದರೂ ಇದೆಯೇ ಎಂದು ಸುತ್ತ ನೋಡಿದರು. ಗೋಡೆಯ ಮೇಲೆ ಕಂಡದ್ದು ಬೇಟೆಯ ಬಂದೂಕು. "ಜಮೀಲ್" ಎಂದುಬಿಟ್ಟರು. ಚಂದ ಇದೆ, ಅಷ್ಟೇ.

ಕಫೀಲ ಎದ್ದು ಬಂದೂಕನ್ನು ಇಳಿಸಿ ಅಬ್ಬನ ತೊಡೆಯ ಮೇಲಿಟ್ಟ. "ಇನ್ನು ಇದು ನಿನ್ನದು." ಆ ಮನೆಗಳಲ್ಲಿ ಅತಿಥಿ ಒಂದು ವಸ್ತುವನ್ನು ಮೆಚ್ಚಿದರೆ ಅದನ್ನು ಕೊಟ್ಟುಬಿಡುವುದು ಮರ್ಯಾದೆ. ಪಂಪಿನ ಭಾಗಗಳ ಹೆಸರಷ್ಟೇ ಸರಿಯಾಗಿ ಗೊತ್ತಿದ್ದ ಅಬ್ಬನ ಅರಬ್ಬಿಗೆ ಅದನ್ನು ತಿರಸ್ಕರಿಸುವ ನಯವಾದ ಮಾತು ಸಿಗಲಿಲ್ಲ. ಅಷ್ಟು ದೊಡ್ಡ ಉಡುಗೊರೆಯ ಮೇಲೆ ಇನ್ನೊಂದನ್ನು ಕೇಳಲು ನಾಲಿಗೆಯೂ ಏಳಲಿಲ್ಲ. ಚೀಲ ಸುತ್ತಿ, ತೋಟದ ಪಿಕಪ್ಪಿನ ಸೀಟಿನ ಕೆಳಗಿಟ್ಟು ಅದನ್ನು ಮನೆಗೆ ತಂದರು.

"ಎಂತ ಮಾಡಿದ್ರಿ ನೀವು? ಪೊಲೀಸರು ನೋಡಿದ್ರೆ ನಮ್ಮ ಗತಿ ಎಂತ?" ಎಂದು ಉಮ್ಮ ಅಳತೊಡಗಿದರು. ಪರದೇಶದವನ ಮನೆಯಲ್ಲಿ ಬಂದೂಕು ಸಿಕ್ಕರೆ ಜೈಲೇ. ಅಬ್ಬ ಅದನ್ನು ಮಂಚದ ಕೆಳಗೆ ಅಕ್ಕಿಮೂಟೆಯ ಹಿಂದೆ ತಳ್ಳಿ, ತಲೆ ತಗ್ಗಿಸಿ ಕೂತರು. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು.

"ನಾಳೆ ನಾನೂ ಬರ್ತೇನೆ" ಎಂದೆ.

"ಮಜ್ಲಿಸಿಗೆ ಹೆಣ್ಣುಮಕ್ಕಳು ಬರುದುಂಟಾ?"

"ಅಬ್ಬಾ, ನಿಮ್ಮ ಅರಬ್ಬಿಗೆ ಬಂದೂಕು ಸಿಕ್ಕಿತು. ಇನ್ನೊಮ್ಮೆ ಒಬ್ಬರೇ ಹೋದ್ರೆ ಒಂಟೆ ಸಿಗ್ತದೆ."

ಉಮ್ಮ ಅಳುತ್ತಲೇ ನಕ್ಕರು. ಚಿಕ್ಕಂದಿನಿಂದ ಕಫೀಲನ ಮನೆಯ ಹೆಂಗಸರ ನಡುವೆ ಖರ್ಜೂರ ಆರಿಸುತ್ತಾ ಬೆಳೆದವಳು ನಾನು. ಅರಬ್ಬಿಯ ಜೊತೆಗೆ ಆ ಮನೆಯ ರೀತಿನೀತಿಯೂ ನನಗೆ ಬರುತ್ತಿತ್ತು. ಹೊರಡುವ ಮುಂಚೆ ಅಬ್ಬನಿಗೆ ಒಂದೇ ಮಾತು ಹೇಳಿಕೊಟ್ಟೆ: "ಕಾಫಿ ಕೊಟ್ರೆ ತಕ್ಕೊಳ್ಳಿ, ಕುಡಿಬೇಡಿ. ನೆಲದಲ್ಲಿಡಿ."

ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ಹೋದೆವು. ನಾನು ಕಪ್ಪು ನಿಲುವಂಗಿ ಅಬಾಯ ತೊಟ್ಟು ಬಾಗಿಲ ಬಳಿಯೇ ಕೂತೆ. ಆರು ವರ್ಷದವಳಿದ್ದಾಗಿನಿಂದ ನನ್ನನ್ನು ನೋಡಿದ್ದ ಮುದುಕ ಕಫೀಲ ಹುಬ್ಬೇರಿಸಿದ, ಬೈಯಲಿಲ್ಲ. ನಾವು ಹೊತ್ತು ತಂದಿದ್ದ ಚೀಲ ಸುತ್ತಿದ ಬಂದೂಕನ್ನು ಕಂಡು ಅವನ ಮುಖ ಗಂಟಿಕ್ಕಿತು. "ಉಡುಗೊರೆ ಹಿಂದಿರುಗಿಸುವುದು ಅವಮಾನ ಮಗಳೇ."

"ಅಬ್ಬ ಬೇರೆಯದನ್ನು ಕೇಳಲು ಬಂದಿದ್ದರು. ಹೆದರಿಕೆಯಲ್ಲಿ ಇದನ್ನು ಹೊಗಳಿದರು" ಎಂದು ಕಾಲೇಜಿನ ಪುಸ್ತಿಕೆಯನ್ನು ಅವನ ಮುಂದಿಟ್ಟೆ. ಸರ್ವೀಸಿನ ಹಣದ ವಿಷಯ ಹೇಳಿದೆ.

ಅವನು ಪುಸ್ತಿಕೆ ತಿರುವಿದ. "ಹಣವೆಂದರೆ ಆಫೀಸಿನ ಕೆಲಸ. ಅರ್ಜಿ ಬೇಕು, ಮೊಹರು ಬೇಕು, ಎರಡು ತಿಂಗಳಾದರೂ ಬೇಕು."

"ಬಂದೂಕಿಗೆ ನೀವು ಯಾವ ಕಾಗದವನ್ನೂ ಕೇಳಲಿಲ್ಲ" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅಬ್ಬ ನನ್ನ ಅಬಾಯದ ತುದಿ ಎಳೆದರು. ನಾನು ತಿರುಗಿ ನೋಡಲಿಲ್ಲ.

ಕಫೀಲ ಕೂಜೆಯಿಂದ ಏಲಕ್ಕಿಯ ಕಾಫಿ ಬಗ್ಗಿಸಿ ಅಬ್ಬನಿಗೆ ಕೊಟ್ಟ. ಅಬ್ಬ ಬಟ್ಟಲನ್ನು ತುಟಿಯವರೆಗೂ ಒಯ್ದರು. ಕೆಟ್ಟೆವು ಅಂದುಕೊಂಡೆ. ಅಷ್ಟರಲ್ಲಿ ನನ್ನತ್ತ ನೋಡಿ, ಬಟ್ಟಲನ್ನು ನಿಧಾನವಾಗಿ ಜಮಖಾನದ ಮೇಲಿಟ್ಟರು.

ಮುದುಕನ ಕೈ ಅಲ್ಲೇ ನಿಂತಿತು. ಬೇಡಿಕೆ ಹೊತ್ತು ಬಂದ ಅತಿಥಿ ಅದು ಈಡೇರುವ ತನಕ ಕಾಫಿ ಮುಟ್ಟುವುದಿಲ್ಲ, ಮುಟ್ಟದೆ ಎದ್ದು ಹೋದರೆ ಆ ಮನೆಗೆ ಮಾನವಿಲ್ಲ. ಹೆಣ್ಣು ಕೇಳಲು ಬಂದವರು ಹೀಗೆ ಮಾಡುವುದನ್ನು ನಾನು ಪರದೆಯ ಹಿಂದಿನಿಂದ ಕಂಡಿದ್ದೆ. ಒಬ್ಬ ಪಂಪಿನ ಕೆಲಸದವನು ಮಾಡುವುದನ್ನು ಅವನು ಕಂಡಿರಲಾರ.

"ಕುಡಿ" ಎಂದ.

ಅಬ್ಬ ಬಟ್ಟಲು ಮುಟ್ಟಲಿಲ್ಲ. ಕಾಫಿಯ ಹಬೆ ನಿಂತಿತು. ಹೊರಗೆ ಅವರೇ ರಿಪೇರಿ ಮಾಡಿದ ಪಂಪಿನ ಸದ್ದು ಕೇಳುತ್ತಿತ್ತು. ಅವರ ಬೆನ್ನು ಅಷ್ಟು ನೆಟ್ಟಗೆ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕುಡಿಯಪ್ಪಾ" ಎಂದ ಮುದುಕ ಕೊನೆಗೆ. "ಶನಿವಾರ ಬಾ. ಹಣ ಸಿಗುತ್ತದೆ."

ಅಬ್ಬ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಇನ್ನು ಸಾಕು ಎಂದು ಅಲ್ಲಿಯವರಂತೆ ಬಟ್ಟಲು ಅಲ್ಲಾಡಿಸಿದರು. ಬಂದೂಕು ಗೋಡೆಗೆ ಹೋಯಿತು. ಶನಿವಾರ ಹಣವೂ ಬಂತು. ಅಷ್ಟನ್ನೂ ಕಾಲೇಜು ನುಂಗಿತು, ಅಬ್ಬ ಮತ್ತೆ ಸೊನ್ನೆಯಿಂದ ಸರ್ವೀಸು ಶುರುಮಾಡಿದರು. ಕಫೀಲ ದೊಡ್ಡ ಮನಸ್ಸು ಮಾಡಿದ ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನು ಕೊಟ್ಟದ್ದು ನನ್ನ ಅಬ್ಬನ ಹಣವನ್ನೇ.

ಅಂದು ತೋಟದ ದಾರಿಯಲ್ಲಿ ಮನೆಗೆ ನಡೆಯುವಾಗ ಅಬ್ಬ ನನ್ನತ್ತ ತಿರುಗಿದರು. "ಎಂತ ಧೈರ್ಯ ಮಾರಾಯ್ತಿ ನಿಂಗೆ! ಅವ ಒಪ್ಪದಿದ್ರೆ ಎಂತ ಮಾಡ್ತಿದ್ದಿ?"

"ಎಂತ ಮಾಡುದು? ನಾವಿನ್ನೂ ಅಲ್ಲೇ ಕೂತಿರ್ತಿದ್ದೆವು" ಎಂದೆ.